ಸಿಸಿ ಮಹದೇವ್ ಮತ್ತು ನಮ್ಮ ಬೀದಿಯ ಬೇರೆ ಸಿಸಿಗಳು

ಅವತ್ತು ಬೆಳಿಗ್ಗೆಯೂ ನನ್ನ ರಂಗೋಲಿಯ ಒಂದು ಮೂಲೆ ಕೊಚ್ಚಿಕೊಂಡು ಹೋಗಿತ್ತು.

ಬೆಳಕು ಹರಿಯುವ ಮೊದಲೇ ಎದ್ದು, ಬಾಗಿಲು ಗುಡಿಸಿ, ನೀರು ಚಿಮುಕಿಸಿ, ಬಗ್ಗಿ ಬಗ್ಗಿ ಚುಕ್ಕಿ ಇಟ್ಟು ಹಾಕಿದ ರಂಗೋಲಿ. ಒಳಗೆ ಹೋಗಿ ರವೆ ಹುರಿದು, ಉಪ್ಪಿಟ್ಟು ಮಾಡಿ ಹೊರಗೆ ಬರುವಷ್ಟರಲ್ಲಿ ಬಲಗಡೆ ಮೂಲೆ ಇಲ್ಲ. ಪುಡಿ ಕರಗಿ, ಹಾಲು ಚೆಲ್ಲಿದ ಹಾಗೆ ರಸ್ತೆಯ ಮೇಲೆ ಹರಿದಿದೆ. ಎದುರು ಮನೆಯ ವೆಂಕಟಗಿರಿಯವರು ಪೈಪು ಹಿಡಿದು ಕಾರು ತೊಳೆಯುತ್ತಿದ್ದಾರೆ. ಇನ್ನೇನು ಸಾಕ್ಷಿ ಬೇಕು?

ನಾನು ಅಲ್ಲೇ ನಿಂತು ಶುರು ಮಾಡಿದೆ. ಕಾರಿಗೆ ದಿನಾ ಸ್ನಾನ ಮಾಡಿಸಲು ಅದೇನು ಹಸುಗೂಸೇ ಎಂದು ಕೇಳಿದೆ. ವೆಂಕಟಗಿರಿಯವರಿಗೆ ಕಿವಿ ಸ್ವಲ್ಪ ಮಂದ. ನಾನು ನಮಸ್ಕಾರ ಹೇಳಿದೆ ಅಂದುಕೊಂಡು ತಲೆ ಆಡಿಸಿದರು. ಅವರ ಹೆಂಡತಿ ಗಿರಿಜಾದೇವಿ ಹೊರಗೆ ಬಂದರು. ಅವರು ಸ್ಕೂಲಲ್ಲಿ ಮೇಡಂ ಆಗಿದ್ದು ರಿಟೈರ್ ಆದವರು. ಕೂಗುವುದಿಲ್ಲ.

"ನಮ್ಮ ನೀರು ನಿಮ್ಮ ಬಾಗಿಲಿಗೆ ಬರಲ್ಲ ಕಣ್ರೀ, ವಿಮಲಮ್ಮ" ಅಂದರು.

ಪ್ರತಿ ಸಲವೂ ಅದೇ ಮಾತು. ಆದರೆ ಈಚೆಗೆ ಹೇಳುವಾಗ ತುಟಿಯಲ್ಲೇ ನಗುತ್ತಿದ್ದರು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮವರು ಮೆಟ್ಟಿಲ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ತಟ್ಟೆಯಿಂದ ತಲೆ ಎತ್ತಲಿಲ್ಲ. ಒಂದು ಮೂಲೆ ತಾನೇ, ಹೋಗಲಿ ಬಿಡು ಅಂದರು. ಹೆಂಡತಿಯ ಪರ ಮಾತಾಡದ ಗಂಡ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಅವರಿಗೂ ಎರಡು ಬಿಟ್ಟೆ. ಕೈ ತೊಳೆದು, ಊಟದ ಡಬ್ಬಿ ತಗೊಂಡು, ಕೆಂಗೇರಿ ಕಡೆ ಕೆಲಸಕ್ಕೆ ಹೋದರು. ಸಂಜೆ ಬಂದು ಮುದ್ದೆ ಉಂಡರು. ಸಾರಿಗೆ ಉಪ್ಪು ಕಮ್ಮಿ ಅಂದರು. ಮಲಗಿದರು.

ಅದು ಕೊನೆಯ ಮಾಮೂಲಿ ದಿನ. ಮಾಮೂಲಿ ದಿನಕ್ಕೆ ತಾನು ಕೊನೆಯದು ಅಂತ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಉಪ್ಪಾದರೂ ಸರಿಯಾಗಿ ಹಾಕುತ್ತಿದ್ದೆ.

ನಮ್ಮವರ ಹೆಸರು ಮಹದೇವ್. ಗಂಡನ ಹೆಸರನ್ನು ಬಾಯಲ್ಲಿ ಹೇಳಿದರೆ ಅವರ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮ ಕುಣಿಗಲ್ ಕಡೆ ನಂಬಿಕೆ. ಬರೆಯಬಾರದು ಅಂತ ಯಾರೂ ಹೇಳಿಲ್ಲ. ಬಹುಶಃ ನಮ್ಮ ಕಡೆಯ ಹೆಂಗಸರು ಬರೆಯುತ್ತಾರೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಅವರು ಕಾಂಕ್ರೀಟ್ ಮೇಸ್ತ್ರಿ. ಮೊದಲು ಮನೆಗಳ ಮೋಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಬೀದಿ ಬೀದಿಯ ಡಾಂಬರು ಕಿತ್ತು ಕಾಂಕ್ರೀಟ್ ಹಾಕುವ ಕಾಲ ಬಂತು. ಅದಕ್ಕೆ ಎಲ್ಲರೂ ಸಿಸಿ ರಸ್ತೆ ಅನ್ನುತ್ತಾರೆ. ಸಿಮೆಂಟ್ ಕಾಂಕ್ರೀಟ್. ಕಾಮಾಕ್ಷಿಪಾಳ್ಯದಲ್ಲಿ, ಹೆಗ್ಗನಹಳ್ಳಿಯಲ್ಲಿ, ಬಸವೇಶ್ವರನಗರದಲ್ಲಿ ಇವರು ಕೈ ಹಾಕದ ಅಡ್ಡರಸ್ತೆ ಕಮ್ಮಿ. ಬಸ್ಸಿನಲ್ಲಿ ಕರೆದುಕೊಂಡು ಹೋದರೆ ಕಿಟಕಿಯಿಂದ ಬೇರೆಯವರು ಗುಡಿ ತೋರಿಸುತ್ತಾರೆ, ಅಂಗಡಿ ತೋರಿಸುತ್ತಾರೆ. ಇವರು ರಸ್ತೆ ತೋರಿಸುತ್ತಿದ್ದರು. ನೆಂಟರ ಮದುವೆಗೆ ಹೋದರೂ ಛತ್ರದ ಮುಂದಿನ ರಸ್ತೆಯನ್ನು ಹಿಮ್ಮಡಿಯಲ್ಲಿ ಕುಟ್ಟಿ ನೋಡಿಯೇ ಒಳಗೆ ಬರುವುದು.

ಹಾಗಾಗಿ ಜನ ಅವರನ್ನು ಸಿಸಿ ಮಹದೇವ್ ಅಂದರು. ಆಮೇಲೆ ಬರೀ ಸಿಸಿ ಅಂದರು. ನನಗೆ ಅನುಕೂಲವೇ ಆಯಿತು. ಸೊಸೈಟಿಯಲ್ಲಿ ಅಕ್ಕಿ ತರಲು ಹೋದಾಗ ಯಜಮಾನರ ಹೆಸರು ಕೇಳಿದರೆ ಹಿಂದೆಲ್ಲ ಪಕ್ಕದವರ ಮುಖ ನೋಡಬೇಕಿತ್ತು. ಈಗ ಧೈರ್ಯವಾಗಿ "ಸಿಸಿ" ಅನ್ನುತ್ತಿದ್ದೆ. ಹೆಸರು ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ನನ್ನ ಮಟ್ಟಿಗೆ ಸಿಸಿ ಅಂದರೆ ಅವರೇ. ಬೇರೆಯವರ ಮಟ್ಟಿಗೆ ಹಾಗಿರಲಿಲ್ಲ. ಈ ಎರಡು ಅಕ್ಷರವನ್ನು ಇಂಗ್ಲಿಷಿನವರು ಯಾಕೆ ಇಷ್ಟು ಕೆಲಸಕ್ಕೆ ಹಚ್ಚಿದ್ದಾರೋ ಗೊತ್ತಿಲ್ಲ. ಒಂದೇ ಎತ್ತಿಗೆ ಗಾಡಿಯನ್ನೂ ಕಟ್ಟಿ, ನೇಗಿಲನ್ನೂ ಕಟ್ಟಿ, ಗಾಣಕ್ಕೂ ಹೂಡಿದ ಹಾಗೆ.

ವೆಂಕಟಗಿರಿಯವರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಬೀದಿಗೆ ಹೊಸದಾಗಿ ಬಂದಾಗ ನಮ್ಮವರನ್ನು ಯಾರೋ ಸಿಸಿ ಅಂತ ಕರೆದದ್ದು ಕೇಳಿ, ಇವರು ದೊಡ್ಡ ವ್ಯಾಪಾರಸ್ಥರೇ ಇರಬೇಕು ಎಂದುಕೊಂಡಿದ್ದರಂತೆ. ಅವರ ಬ್ಯಾಂಕಿನಲ್ಲಿ ಅಂಗಡಿಯವರಿಗೆ, ಫ್ಯಾಕ್ಟರಿಯವರಿಗೆ ಸಿಸಿ ಅಕೌಂಟ್ ಅಂತ ಒಂದು ಸಾಲದ ಖಾತೆ ಇರುತ್ತದಂತೆ. ಮೂರು ತಿಂಗಳು ನಮ್ಮವರನ್ನು ಸಾರ್ ಅಂದರು. ಒಂದು ದಿನ ತಲೆಗೆ ಟವೆಲ್ ಸುತ್ತಿಕೊಂಡು ಕರಣೆ ಹಿಡಿದು ಹೋಗುವುದನ್ನು ನೋಡಿದರು. ಆದರೂ ಸಾರ್ ಅನ್ನುವುದು ಬಿಡಲಿಲ್ಲ. ಅದು ಅವರ ಒಳ್ಳೆಯತನ. ಕಾರಿನ ವಿಷಯ ಬೇರೆ.

ನಮ್ಮ ಮಗಳು ಕಲಾ ಹತ್ತನೇ ಕ್ಲಾಸು ಮುಗಿಸಿದಾಗ ಸ್ಕೂಲಿನಲ್ಲಿ ಟಿಸಿ ಜೊತೆ ಸಿಸಿ ತಗೊಂಡು ಬನ್ನಿ ಅಂದರು. ನಡತೆ ಚೆನ್ನಾಗಿದೆ ಎಂದು ಬರೆದುಕೊಡುವ ಕಾಗದವಂತೆ. ನಮ್ಮವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇಷ್ಟು ತೆಳ್ಳಗಿನ ಸಿಸಿಯನ್ನು ಹುಟ್ಟಿದಾರಭ್ಯ ನೋಡಿಲ್ಲ ಅಂದರು. ಈಗ ಕಲಾ ಬಸವೇಶ್ವರನಗರದಲ್ಲಿ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಗಂಡನ ಮನೆ ವಿಜಯನಗರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಅಳುತ್ತಾ ಬಂದಳು. ಇಮೇಲ್ ಕಳಿಸುವಾಗ ದೊಡ್ಡ ಸಾಹೇಬರಿಗೆ ಸಿಸಿ ಹಾಕಲಿಲ್ಲ ಅಂತ ಬೈದರಂತೆ.

"ನಿಮ್ಮಪ್ಪ ಅರ್ಧ ಬೆಂಗಳೂರಿಗೆ ಸಿಸಿ ಹಾಕಿದಾನೆ. ನಿನ್ನ ಕೈಲಿ ಒಂದು ಕಾಗದಕ್ಕೆ ಹಾಕೋಕಾಗಲ್ವೇನೇ?" ಅಂದರು ನಮ್ಮವರು. ಅಳುತ್ತಿದ್ದವಳು ನಕ್ಕಳು. ಅವರಿಗೆ ಬೇಕಿದ್ದದ್ದೂ ಅದೇ.

ಮಹಡಿ ರೂಮಿನಲ್ಲಿ ಅಮರೇಶ ಬಾಡಿಗೆಗೆ ಇದ್ದಾನೆ. ರಾಯಚೂರು ಕಡೆಯವನು. ಬೈಕಿನಲ್ಲಿ ಮನೆ ಮನೆಗೆ ಊಟ ತಲುಪಿಸುವ ಕೆಲಸ. ಅವನಿಗೆ ಸಿಸಿ ಅಂದರೆ ಬೈಕಿನ ಎಂಜಿನ್ನು ಎಷ್ಟು ದೊಡ್ಡದು ಅನ್ನುವ ಲೆಕ್ಕ. ತನ್ನದು ಸಣ್ಣ ಸಿಸಿ, ದೊಡ್ಡ ಸಿಸಿ ಬೈಕು ತಗೊಳ್ಳಬೇಕು ಎಂದು ಆಸೆ. ದೊಡ್ಡ ಸಿಸಿ ಬೇಕಾದರೆ ಮಾಗಡಿ ರೋಡಿಗೆ ಬಾ, ಬೆಳಿಗ್ಗೆಯಿಂದ ಸಂಜೆ ತನಕ ಹಾಕಿಸುತ್ತೀನಿ ಅನ್ನುತ್ತಿದ್ದರು ನಮ್ಮವರು.

ಹೋದ ವರ್ಷದ ಕೊನೆಗೆ ನಮ್ಮ ಬೀದಿಗೇ ಕಾಂಕ್ರೀಟ್ ಬಂತು. ಗೋವಿಂದರಾಜನಗರದಲ್ಲಿ ಎಲ್ಲ ಅಡ್ಡರಸ್ತೆಗೂ ಆಗಿತ್ತು, ನಮ್ಮದೊಂದು ಉಳಿದಿತ್ತು. ಕೆಲಸಕ್ಕೆ ಇವರೇ ಮೇಸ್ತ್ರಿ. ಮಗಳ ಮದುವೆಯಲ್ಲೂ ಅಷ್ಟು ಓಡಾಡಿರಲಿಲ್ಲ. ನಮ್ಮ ಬಾಗಿಲ ಮುಂದೆ ಬರುವಷ್ಟರಲ್ಲಿ ಸಂಜೆಯಾಗಿ, ಮಾಲು ಸ್ವಲ್ಪ ಕಮ್ಮಿ ಬಿದ್ದು, ಆ ಒಂದು ಮೂಲೆಯನ್ನು ಮಾರನೇ ದಿನ ಹಾಕಿದರು. ಬೇರೆಯವರ ಬಾಗಿಲಲ್ಲಿ ಕೊರತೆ ಆಗಬಾರದು ಎಂದು ನಮ್ಮ ಬಾಗಿಲಿಗೇ ಕೊರತೆ ಮಾಡಿಕೊಂಡರು. ಹಳೆಯದಕ್ಕೆ ಹೊಸದು ಸೇರಿದ ಕಡೆ ಕೂದಲೆಳೆಯಷ್ಟು ಗೀರು ಬಿತ್ತು. ಅದು ಅವರ ಕಣ್ಣಲ್ಲಿ ಮುಳ್ಳಿನ ಹಾಗೆ ಕೂತಿತು.

ಕಾಂಕ್ರೀಟ್ ಹಾಕಿದ ಮೇಲೆ ನೀರು ಕುಡಿಸಬೇಕು. ಅದು ಗೊತ್ತಿರುವ ವಿಷಯ. ಮಣ್ಣಿನಲ್ಲಿ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ, ಗೋಣಿಚೀಲ ಹಾಸಿ ನೆನೆಸುತ್ತಾರೆ. ಮದುವೆಯಾದ ಹೊಸದರಲ್ಲಿ ನಾನೂ ಇವರ ಜೊತೆ ಹೋಗಿ ಬಿಂದಿಗೆಯಲ್ಲಿ ಹೊತ್ತು ಹಾಕಿದ್ದೇನೆ. ಮೂರು ನಾಲ್ಕು ವಾರ ಹಾಕಿದರೆ ಮುಗಿಯಿತು. ನಮ್ಮವರಿಗೆ ಮುಗಿಯಲಿಲ್ಲ. ಗೋಣಿಚೀಲ ತೆಗೆದು, ಲಾರಿ ಓಡಾಡಿ, ಯುಗಾದಿ ಕಳೆದರೂ ಆ ಮೂಲೆಗೆ ದಿನಾ ಚೊಂಬಿನಲ್ಲಿ ನೀರು. ಕಾಮಗಾರಿ ನೋಡಲು ಬಂದಿದ್ದ ಇಂಜಿನಿಯರು ನಕ್ಕು, ಇದೇನು ಮೇಸ್ತ್ರಿ, ರಸ್ತೆ ಹಾಕಿದ್ದೀಯೋ ಕರಿಬೇವು ನೆಟ್ಟಿದ್ದೀಯೋ ಅಂದರು.

ನಾನು ನಗಲಿಲ್ಲ. ಬೇಸಿಗೆ. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ದಾರದ ಹಾಗೆ. ಕುಡಿಯುವ ನೀರನ್ನು ರಸ್ತೆಗೆ ಹಾಕಿದರೆ ಚೊಂಬನ್ನೇ ಬಚ್ಚಿಡುತ್ತೇನೆ ಎಂದು ಹೇಳಿದೆ. ನಾನು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತೇನಲ್ಲ, ಅದೇ ಸಾಕು ಅಂದೆ.

"ಅದು ಚಿಮುಕಿಸೋದು ಕಣೇ, ಕುಡಿಸೋದಲ್ಲ" ಅಂದರು. ಆದರೆ ನಿಲ್ಲಿಸಿದರು. ನಿಲ್ಲಿಸಿದರು ಎಂದು ನಾನು ತಿಳಿದೆ.

ಅದಾದ ಮೇಲೆಯೇ ರಂಗೋಲಿಯ ಮೂಲೆ ಹೋಗಲು ಶುರುವಾಯಿತು. ಜೊತೆಗೆ ಎದುರು ಮನೆಯ ಜೊತೆ ನನ್ನ ಜಗಳವೂ.

ಒಂದು ಭಾನುವಾರ ವೆಂಕಟಗಿರಿಯವರು ಬೀದಿಯವರನ್ನೆಲ್ಲ ತಮ್ಮ ಗೇಟಿನ ಹತ್ತಿರ ಸೇರಿಸಿದರು. ಕಾಲ ಕೆಟ್ಟಿದೆ, ನಮ್ಮ ಬೀದಿಗೂ ಒಂದು ಸಿಸಿ ಹಾಕಿಸೋಣ ಅಂದರು. ನಮ್ಮವರು ಎದ್ದು ನಿಂತು, ಈಗ ತಾನೇ ಹಾಕಿದ್ದೀವಲ್ಲ ಸಾರ್, ಅದರ ಮೇಲೆ ಇನ್ನೊಂದಾ ಅಂದರು. ಎಲ್ಲರೂ ನಕ್ಕರು. ಕ್ಯಾಮೆರಾದ ವಿಷಯ ಎಂದು ಗೊತ್ತಾದ ಮೇಲೆ ನಮ್ಮವರ ಮುಖ ಒಂದು ಥರಾ ಆಯಿತು. ಅವರಿಗೆ ಕ್ಯಾಮೆರಾ ಅಂದರೆ ಆಗುವುದಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಫೋಟೋ ಅಂದರೆ ಓಡಿಹೋಗುವ ಮನುಷ್ಯ. ಕಲಾಳ ಮದುವೆಯ ವೀಡಿಯೋದಲ್ಲಿ ಹುಡುಕಿದರೆ ಒಂದು ಕಡೆ ಅವರ ಮೊಣಕೈ ಸಿಗುತ್ತದೆ. ಆಧಾರ್ ಕಾರ್ಡಿನಲ್ಲಿ ಒಂದು ಮುಖ ಇದೆ, ಅದು ಅವರ ಶತ್ರುವಿನ ಹಾಗಿದೆ.

ಗಿರಿಜಾದೇವಿ ನನ್ನ ಕಡೆ ತಿರುಗಿ, ಕ್ಯಾಮೆರಾ ಬರಲಿ, ಯಾರ ನೀರು ಎಲ್ಲಿಗೆ ಹೋಗುತ್ತೆ ನೋಡೇ ಬಿಡೋಣ ಅಂದರು. ನೋಡೋಣ ಅಂದೆ. ಕ್ಯಾಮೆರಾ ಕೂರಿಸಲು ಬಂದವನ ಹತ್ತಿರ ನಮ್ಮವರು ಹೋಗಿ, ಇದು ಎಲ್ಲಿ ತನಕ ಕಾಣುತ್ತಪ್ಪಾ ಎಂದು ಎರಡು ಮೂರು ಸಲ ಕೇಳಿದರು. ನಿಮ್ಮ ಮನೆ ಬಾಗಿಲೂ ಚೆನ್ನಾಗಿ ಕಾಣುತ್ತೆ, ಹೆದರಬೇಡಿ ಎಂದು ಅವನು ಸಮಾಧಾನ ಹೇಳಿದ.

ಕ್ಯಾಮೆರಾ ಬಂತು. ರಂಗೋಲಿಯ ಮೂಲೆ ಹೋಗುವುದು ನಿಲ್ಲಲಿಲ್ಲ. ಗಿರಿಜಾದೇವಿ ಮಾತ್ರ ಸಾಕ್ಷಿ ತೋರಿಸುತ್ತೇನೆ ಅನ್ನುವುದನ್ನು ಬಿಟ್ಟು ನಗಲು ಶುರು ಮಾಡಿದರು. ತಪ್ಪು ಅವರದೇ ಎಂದು ಕ್ಯಾಮೆರಾದಲ್ಲಿ ಗೊತ್ತಾಗಿದೆ, ಅದಕ್ಕೇ ಬಾಯಿ ಕಟ್ಟಿದೆ ಎಂದು ನಾನು ಇನ್ನೂ ಜೋರಾಗಿ ಬೈದೆ. ಕೊನೆಗೆ ಇಬ್ಬರಿಗೂ ಬೆಳಗಿನ ಜಗಳ ಬಿಟ್ಟು ಬೇರೆ ಮಾತೇ ಇಲ್ಲದ ಹಾಗಾಯಿತು.

ಉಪ್ಪು ಕಮ್ಮಿ ಅಂದ ರಾತ್ರಿಯ ಮಾರನೇ ದಿನ, ಮಧ್ಯಾಹ್ನ ಫೋನು ಬಂತು. ಕೆಲಸದ ಜಾಗದಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಇರಲಿಲ್ಲ.

ಅಲ್ಲಿ ಮೇಜಿನ ಹಿಂದೆ ಕೂತಿದ್ದವನು ತೀರಿಹೋದವರ ಹೆಸರು ಕೇಳಿದ. ನಾನು ಅಭ್ಯಾಸದಲ್ಲಿ "ಸಿಸಿ" ಅಂದೆ.

"ಸಿಸಿ ಅಂದ್ರೆ ಏನಮ್ಮ?"

ಆ ಪ್ರಶ್ನೆಗೆ ನಮ್ಮ ಬೀದಿಯಲ್ಲಿ ಎಷ್ಟು ಉತ್ತರ ಇವೆ ಅಂತ ಅವನಿಗೆ ಏನು ಗೊತ್ತು. ಕಲಾ ಇನ್ನೂ ಬಂದಿರಲಿಲ್ಲ. ಬಾಯಿ ಬಿಟ್ಟು ಹೇಳಿದೆ. ಮಹದೇವ್ ಅಂದೆ. ಇನ್ನು ಕಮ್ಮಿಯಾಗಲು ಯಾವ ಆಯಸ್ಸು ಉಳಿದಿತ್ತು?

ಊರಿಂದ ಅವರ ಅಕ್ಕ ಪುಟ್ಟಲಿಂಗಮ್ಮ ಬಂದು ಮನೆಯ ಆಡಳಿತ ಕೈಗೆ ತಗೊಂಡರು. ಹನ್ನೊಂದರ ತಿಥಿ ಆಗುವ ತನಕ ನಾನು ಹೊಸ್ತಿಲು ದಾಟಬಾರದು. ಬೇರೆಯವರ ಮನೆಗೆ ಕಾಲಿಡಬಾರದು. ಬಾಗಿಲಿಗೆ ರಂಗೋಲಿ ಇಲ್ಲ. ನಾನು ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತು ಬೀದಿ ನೋಡುತ್ತಿದ್ದೆ. ಬಂದವರು ಅಳುತ್ತಿದ್ದರು. ನಾನು ರಸ್ತೆ ನೋಡುತ್ತಿದ್ದೆ.

ಅವರ ಒಂದು ಫೋಟೋ ದೊಡ್ಡದು ಮಾಡಿಸಿ ಹಾರ ಹಾಕಬೇಕಿತ್ತು. ಸಿಗಲಿಲ್ಲ. ಆಧಾರ್ ಕಾರ್ಡಿನ ಆ ಶತ್ರುವನ್ನೇ ದೊಡ್ಡದು ಮಾಡಿಸಿದರು. ದೀಪದ ಹಿಂದೆ ಕೂತು ಅವನು ನನ್ನನ್ನು ಗುರುಗುಟ್ಟಿ ನೋಡುತ್ತಿದ್ದ. ಎರಡು ದಿನಕ್ಕೆ ನನಗೆ ಒಂದು ಭಯ ಶುರುವಾಯಿತು. ಕಣ್ಣು ಮುಚ್ಚಿದರೆ ಆ ಫೋಟೋದ ಮುಖವೇ ಬರುತ್ತಿತ್ತು. ಅವರ ಮುಖ ಬರುತ್ತಿರಲಿಲ್ಲ. ಅವರು ಹೇಗೆ ನಡೆಯುತ್ತಿದ್ದರು? ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರಾ, ಬಲಗಾಲನ್ನಾ? ಇಷ್ಟು ವರ್ಷ ಜೊತೆಗಿದ್ದು ಅದನ್ನೂ ನೋಡಿಟ್ಟುಕೊಂಡಿಲ್ಲ.

ಅದನ್ನು ಅಮರೇಶನ ಹತ್ತಿರ ಅಂದೆ. ಅವನು ಕೆಲಸಕ್ಕೆ ಹೊರಟವನು ಬಾಗಿಲ ಹತ್ತಿರ ನಿಂತಿದ್ದ.

"ಎದುರಿನ ಮನಿ ಸಿಸಿ ಒಳಗ ಕಾಕಾ ಬಂದಿರ್ತಾರಲ್ರೀ ಆಂಟಿ" ಅಂದ. "ದಿನಾ ಹೋಗೂದು ಬರೂದು ಎಲ್ಲಾ ಇರ್ತೈತಿ. ಆದ್ರ ಲಗೂನ ಕೇಳ್ರಿ. ವಾರ ಆತಂದ್ರ ಹಳೇದು ಅಳಸಿ ಹೊಸಾದು ಕುಂದರ್ತೈತಿ."

ಆಗಲೇ ಐದು ದಿನ ಕಳೆದಿತ್ತು. ಹನ್ನೊಂದಕ್ಕೆ ಕಾದರೆ ಎದುರು ಮನೆಯ ಕ್ಯಾಮೆರಾದಲ್ಲಿ ವೆಂಕಟಗಿರಿಯವರ ಕಾರು ಬಿಟ್ಟರೆ ಏನೂ ಉಳಿಯುವುದಿಲ್ಲ. ಹೋಗಿ ಕೇಳೋಣವೆಂದರೆ ಹೊಸ್ತಿಲು ದಾಟುವ ಹಾಗಿಲ್ಲ. ಕಲಾ ನಾನು ಹೋಗಿ ಕೇಳುತ್ತೇನೆ ಅಂದಳು. ಬೇಡ ಅಂದೆ. ಬೀದಿಗೆಲ್ಲ ಕೇಳುವ ಹಾಗೆ ಬೈದವಳು ನಾನು, ಬೇಡಲು ಮಗಳನ್ನು ಕಳಿಸಲೇ? ಅವರು ಕೊಡುವುದಿಲ್ಲ ಅಂದರೆ ಅದನ್ನು ಕೇಳಬೇಕಾದವಳೂ ನಾನೇ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾದ ಮೇಲೆ ಹೊಸ್ತಿಲ ಒಳಗೆ ಬಂದು ಕೂತೆ. ವೆಂಕಟಗಿರಿಯವರು ಮಾಮೂಲಿನಂತೆ ಕಾರು ತೊಳೆದರು. ನೀರು ಅವರ ಗೇಟಿನಿಂದ ಇಳಿಯಿತು. ಅವರ ಕಡೆಯ ಮೋರಿ ಹಿಡಿದು, ಅವರ ಕಡೆಯೇ ಹರಿದು, ಆ ತುದಿಯಲ್ಲಿ ಇಳಿದು ಹೋಯಿತು. ನಮ್ಮ ಬಾಗಿಲ ಕಡೆ ಒಂದು ಹನಿಯೂ ತಿರುಗಲಿಲ್ಲ. ನಮ್ಮ ಮುಂದಿನ ಆ ಮೂಲೆ ಒಣಗಿ ಬೆಳ್ಳಗಾಗಿತ್ತು. ಗೀರು ಚೆನ್ನಾಗಿ ಕಾಣುತ್ತಿತ್ತು. ನಮ್ಮವರು ಹೋದಾಗಿನಿಂದ ಅದು ಒಣಗಿಯೇ ಇದೆ ಎಂದು ಆಗ ಹೊಳೆಯಿತು.

ನಾನು ಬಹಳ ಹೊತ್ತು ಆ ಒಣ ಮೂಲೆಯನ್ನು ನೋಡಿದೆ. ಆಮೇಲೆ ನಲ್ಲಿಯ ಪಕ್ಕ ಬೋರಲಾಗಿದ್ದ ಚೊಂಬನ್ನು ನೋಡಿದೆ.

"ಗಿರಿಜಾದೇವಿಯವರೇ" ಎಂದು ಕರೆದೆ.

ನಮ್ಮ ಬೀದಿ ಅಷ್ಟೇನೂ ಅಗಲ ಇಲ್ಲ. ಎದುರುಬದುರು ಎರಡು ಆಟೋ ಬಂದರೆ ಒಂದು ಹಿಂದಕ್ಕೆ ಹೋಗಬೇಕು. ಅವರು ಕೈಯಲ್ಲಿ ಚಪಾತಿ ಹಿಟ್ಟು ಮೆತ್ತಿಕೊಂಡೇ ಬಂದರು. ನಾನು ಜಗಳಕ್ಕಲ್ಲದೆ ಕರೆದು ತಿಂಗಳುಗಳೇ ಆಗಿದ್ದವು.

"ನಿಮ್ಮ ಸಿಸಿಲಿ ನಮ್ಮವರು ಇದಾರಾ?" ಅಂದೆ.

ಅವರು ಕೈಯ ಹಿಟ್ಟನ್ನು ಸೆರಗಿಗೇ ಒರೆಸಿಕೊಂಡರು.

"ಇದಾರೆ" ಅಂದರು. "ದಿನಾ ಇದಾರೆ. ನಾಳೆಗೆ ಅಳಿಸಿಹೋಗುತ್ತಲ್ಲಾ ಅಂತ ನನಗೂ ನಿದ್ದೆ ಇಲ್ಲ. ನೀವು ಆ ಥರಾ ಬೈದ ಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ? ಅದೂ ಅಲ್ದೆ, ಅವರು ಹೇಳ್ಬೇಡಿ ಅಂದಿದ್ರು."

"ಏನು ಹೇಳ್ಬೇಡಿ ಅಂದಿದ್ರು?"

ಅವರು ಒಳಗೆ ಹೋಗಿ ಫೋನು ತಂದರು. ಚಪ್ಪಲಿ ಬಿಟ್ಟು ರಸ್ತೆ ದಾಟಿ ಬಂದು ನಮ್ಮ ಮೆಟ್ಟಿಲ ಕೆಳಗೆ ನಿಂತರು. ನಿಂತುಕೊಂಡೇ ಹೇಳಿದರು. ಕ್ಯಾಮೆರಾ ಹಾಕಿದ ವಾರದಲ್ಲೇ ನಮ್ಮವರು ಕೆಲಸದಿಂದ ಬರುವಾಗ ಒಂದು ಚೀಲ ಸೀಬೆಹಣ್ಣು ತಗೊಂಡು ಅವರ ಗೇಟಿಗೆ ಹೋಗಿದ್ದರಂತೆ. ನೀವು ಎಲ್ಲಾ ನೋಡಿರುತ್ತೀರಿ ಎಂದು ಗೊತ್ತು, ನನ್ನವಳಿಗೆ ಹೇಳಬೇಡಿ, ತಿಳಿದರೆ ಚೊಂಬು ಬಚ್ಚಿಡುತ್ತಾಳೆ, ಆ ಮೂಲೆ ಒಂದು ಗಟ್ಟಿಯಾಗಲಿ, ನಾನೇ ಹೇಳುತ್ತೇನೆ ಅಂದರಂತೆ.

"ಅದಕ್ಕೇ ನಿಮ್ಮ ಬೈಗುಳ ಎಲ್ಲಾ ಕೇಳ್ಕೊಂಡೆ" ಅಂದರು ಗಿರಿಜಾದೇವಿ. "ಹಣ್ಣು ಚೆನ್ನಾಗಿತ್ತು."

ಅವರ ನಗು ಈಗ ಅರ್ಥವಾಯಿತು. ಸೀಬೆಹಣ್ಣಿನ ನಗು. ನಮ್ಮ ಮನೆಗೆ ಒಂದು ಹಣ್ಣೂ ಬಂದಿರಲಿಲ್ಲ.

ಫೋನು ಸಣ್ಣದು, ಬಿಸಿಲು ಬೇರೆ, ನನ್ನ ಕಣ್ಣು ಮಂಜು. ಅವರು ಕೈ ಚಾಚಿ ಹಿಡಿದರೂ ಏನೂ ಕಾಣಲಿಲ್ಲ. ಅವರದು ಮಡಿ ಮೈಲಿಗೆ ನೋಡುವ ಮನೆ, ಸೂತಕದವರನ್ನು ಮುಟ್ಟುವ ಹಾಗಿಲ್ಲ. ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದರು. ಆಮೇಲೆ ಮೆಟ್ಟಿಲು ಹತ್ತಿ ಬಂದು ಹೊಸ್ತಿಲ ಆ ಕಡೆ, ನನ್ನ ಭುಜಕ್ಕೆ ಭುಜ ತಾಗಿಸಿ ಕೂತೇ ಬಿಟ್ಟರು.

"ಇನ್ನೊಂದು ಸಲ ಸ್ನಾನ ಮಾಡ್ತೀನಿ ಬಿಡಿ. ಇವತ್ತು ಕಾವೇರಿ ಬಂದಿದೆ" ಅಂದರು.

ಕೊನೆಯ ದಿನದ ಬೆಳಿಗ್ಗೆಯದನ್ನು ಹಾಕಿದರು. ಸದ್ದು ಇಲ್ಲ, ಬರೀ ಚಿತ್ರ. ಮೊದಲು ನಾನು ಬರುತ್ತೇನೆ. ಗುಡಿಸುತ್ತೇನೆ, ರಂಗೋಲಿ ಹಾಕುತ್ತೇನೆ. ನಾನು ಇಷ್ಟು ದಪ್ಪ ಇದ್ದೇನೆ ಎಂದು ಗೊತ್ತಿರಲಿಲ್ಲ. ಒಳಗೆ ಹೋಗುತ್ತೇನೆ. ಸ್ವಲ್ಪ ಹೊತ್ತು ಬೀದಿ ಖಾಲಿ. ಆಮೇಲೆ ಬಾಗಿಲಿಂದ ಒಂದು ತಲೆ ಈಚೆ ಬರುತ್ತದೆ. ಆ ಕಡೆ ನೋಡುತ್ತದೆ, ಈ ಕಡೆ ನೋಡುತ್ತದೆ. ಬೆಣ್ಣೆ ಕದಿಯಲು ಬಂದವರ ಹಾಗೆ.

ಬಂದರು. ಎಡಗಾಲು. ಎಡಗಾಲನ್ನು ಎಳೆದು ನಡೆಯುತ್ತಿದ್ದರು.

ನಲ್ಲಿಯ ಬಾಯಿಗೆ ಕೈ ಕೊಟ್ಟು, ಸದ್ದಾಗದ ಹಾಗೆ ಚೊಂಬು ತುಂಬಿಸಿದರು. ಚಪ್ಪಲಿ ಬಿಟ್ಟರು. ರಂಗೋಲಿಯನ್ನು ತುಳಿಯದೆ ಸುತ್ತು ಹಾಕಿ ಬಂದು ಆ ಮೂಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಎಡಗೈಯನ್ನು ರಂಗೋಲಿಗೆ ಅಡ್ಡ ಇಟ್ಟು, ಬಲಗೈಯಲ್ಲಿ ಗೀರಿನ ಉದ್ದಕ್ಕೂ ಸಣ್ಣಗೆ ನೀರು ಬಿಟ್ಟರು. ಮಗುವಿಗೆ ಹಾಲು ಕುಡಿಸುವ ಹಾಗೆ. ಅವರ ಕೈ ತಪ್ಪಿಸಿಕೊಂಡು ನೀರು ರಂಗೋಲಿಯ ಮೂಲೆಗೆ ನುಗ್ಗಿತು. ಅವರು ಚೊಂಬು ಕೆಳಗಿಟ್ಟು ತಲೆ ಕೆರೆದುಕೊಂಡರು. ಒಂದು ಬೆರಳಿಂದ ಗೆರೆಯನ್ನು ಎಳೆದು ಸರಿ ಮಾಡಲು ನೋಡಿದರು. ಇನ್ನಷ್ಟು ಕೆಟ್ಟಿತು. ಎದ್ದು ಹಿಮ್ಮಡಿಯಲ್ಲಿ ಮೂಲೆಯನ್ನು ಕುಟ್ಟಿ ನೋಡಿದರು. ಪರವಾಗಿಲ್ಲ ಅನ್ನುವ ಹಾಗೆ ತಲೆ ಆಡಿಸಿದರು.

ಆಮೇಲೆ ನೇರ ಕ್ಯಾಮೆರಾ ಕಡೆ ಮುಖ ಎತ್ತಿದರು. ತುಟಿಯ ಮೇಲೆ ಬೆರಳಿಟ್ಟು, ಶ್, ಹೇಳಬೇಡಿ ಅಂದರು. ನಕ್ಕರು. ಒಳಗೆ ಹೋದರು.

ಹುಟ್ಟಿದಾರಭ್ಯ ಕ್ಯಾಮೆರಾ ಕಂಡರೆ ಓಡಿದ ಮನುಷ್ಯ.

"ದಿನಾ ಹಿಂಗೇ ಮಾಡೋರು. ನಾನು ಕಾಫಿ ಕುಡೀತಾ ನೋಡ್ತಿದ್ದೆ" ಅಂದರು ಗಿರಿಜಾದೇವಿ.

ಮೊದಲು ನಕ್ಕದ್ದು ನಾನೋ ಅವರೋ ಗೊತ್ತಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಳುವೂ ಅದರ ಜೊತೆಗೇ ಬಂತು, ಅದನ್ನು ಬೇರೆ ಮಾಡಲು ಆಗಲಿಲ್ಲ. ಸದ್ದಿಗೆ ಪುಟ್ಟಲಿಂಗಮ್ಮ ಒಳಗಿಂದ ಧಾವಿಸಿ ಬಂದರು.

"ಸೂತಕದ ಮನೇಲಿ ಏನ್ರೇ ನಗು? ಬೀದಿಯೋರು ಏನಂದ್ಕೋತಾರೆ?"

ನಾನು ಫೋನು ತೋರಿಸಿದೆ. ಗಿರಿಜಾದೇವಿ ಮತ್ತೆ ಮೊದಲಿಂದ ಹಾಕಿದರು. ಬಾಗಿಲಿಂದ ತಲೆ ಈಚೆ ಬಂತು, ಆ ಕಡೆ ಈ ಕಡೆ ನೋಡಿತು. ಪುಟ್ಟಲಿಂಗಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ನಮ್ಮ ಪಕ್ಕ ಕೂತರು. ಚಿಕ್ಕವನಿದ್ದಾಗ ಬೆಲ್ಲ ಕದಿಯಲು ಬರುವಾಗಲೂ ಹೀಗೇ ಇಣುಕುತ್ತಿದ್ದ ಅಂದರು. ಚಿತ್ರ ಮುಗಿಯಿತು.

"ಇನ್ನೊಂದ್ಸಲ ಹಾಕವ್ವ" ಅಂದರು.

ಅಳಿಯದೆ ಉಳಿದಿದ್ದಷ್ಟನ್ನೂ ಗಿರಿಜಾದೇವಿ ಇಳಿಸಿ ಕಲಾಳ ಫೋನಿಗೆ ಕಳಿಸಿದರು. ಹನ್ನೊಂದರ ದಿನಕ್ಕೆ ಅದರಲ್ಲಿ ನಗುವ ಮುಖವನ್ನು ತೆಗೆಸಿ, ದೊಡ್ಡದು ಮಾಡಿಸಿ ಇಟ್ಟೆವು. ಸ್ವಲ್ಪ ಮಸುಕಾಗಿದೆ. ತುಟಿಯ ಮೇಲೆ ಬೆರಳು ಹಾಗೇ ಇದೆ. ತಿಥಿ ಊಟಕ್ಕೆ ಬಂದವರು ಇದೇನು ಹೀಗೆ ಎಂದು ಕೇಳಿದರು. ಅವರಿಗೆ ಗಲಾಟೆ ಆಗುತ್ತಿರಲಿಲ್ಲ ಅಂದೆ. ಬಂದವರೆಲ್ಲ ಮೆತ್ತಗೆ ಮಾತಾಡಿ ಊಟ ಮಾಡಿದರು. ಆಧಾರಿನ ಶತ್ರುವನ್ನು ಬೀರುವಿನ ಹಿಂದೆ ಇಟ್ಟಿದ್ದೇನೆ.

ನಾನು ಗಿರಿಜಾದೇವಿಯವರ ಹತ್ತಿರ ಕ್ಷಮೆ ಗಿಮೆ ಕೇಳಲಿಲ್ಲ. ಅವರೂ ಎದುರು ನೋಡಲಿಲ್ಲ. ಒಂದು ಚೀಲ ಸೀಬೆಹಣ್ಣು ತರಿಸಿ ಅರ್ಧ ಅವರಿಗೆ ಕೊಟ್ಟೆ, ಅರ್ಧ ನಾನೇ ತಿಂದೆ. ನನ್ನ ಪಾಲಿನದು ಬಾಕಿ ಇತ್ತಲ್ಲ. ವೆಂಕಟಗಿರಿಯವರು ಈಗಲೂ ಕಾರು ತೊಳೆಯುತ್ತಾರೆ, ನಾನು ಈಗಲೂ ಬೈಯುತ್ತೇನೆ. ನೀರು ನಮ್ಮ ಕಡೆ ಬರುವುದಿಲ್ಲ, ಅದು ಬೇರೆ ಮಾತು. ಅವರು ನಮಸ್ಕಾರ ಅಂದುಕೊಂಡು ತಲೆ ಆಡಿಸುತ್ತಾರೆ.

ಗಂಡ ಹೋದವಳು ರಂಗೋಲಿ ಹಾಕಬಾರದು ಎಂದು ಪುಟ್ಟಲಿಂಗಮ್ಮ ಊರಿಗೆ ಹೋಗುವ ಮೊದಲು ಹೇಳಲು ಬಾಯಿ ತೆರೆದರು. ಆ ಮೂಲೆಯನ್ನು ನೋಡಿ ಸುಮ್ಮನಾದರು.

ಬೆಳಿಗ್ಗೆ ಎದ್ದು ಗುಡಿಸುತ್ತೇನೆ. ನೀರು ಚಿಮುಕಿಸಿ ರಂಗೋಲಿ ಹಾಕುತ್ತೇನೆ. ಒಂದು ಗೇಣು ಆ ಕಡೆ ಹಾಕಿದರೆ ಏನೂ ತೊಂದರೆ ಇರುವುದಿಲ್ಲ. ಇದ್ದ ಜಾಗದಲ್ಲೇ ಹಾಕುತ್ತೇನೆ. ಆಮೇಲೆ ಚೊಂಬು ತುಂಬಿಸಿ, ಚಪ್ಪಲಿ ಬಿಟ್ಟು, ಆ ಮೂಲೆಯ ಹತ್ತಿರ ಕೂತು, ಎಡಗೈ ಅಡ್ಡ ಇಟ್ಟು ಗೀರಿಗೆ ನೀರು ಬಿಡುತ್ತೇನೆ. ಎಷ್ಟು ಹುಷಾರಾಗಿ ಬಿಟ್ಟರೂ ಒಂದು ಮೂಲೆ ಹೋಗುತ್ತದೆ. ಹಿಮ್ಮಡಿಯಲ್ಲಿ ಕುಟ್ಟಿ ನೋಡಿ, ಚೊಂಬನ್ನು ನಲ್ಲಿಯ ಪಕ್ಕ ಬೋರಲಿಟ್ಟು, ರವೆ ಹುರಿಯಲು ಒಳಗೆ ಹೋಗುತ್ತೇನೆ.